ಅತ್ತೆ ಕುಟ್ಟು ಅಂದರು

ನಾನು ಮೈಸೂರು ಕಡೆಯ ಹುಡುಗಿ, ತೆಲುಗು ಒಂದಕ್ಷರ ಬಾರದು. ಮದುವೆಯಾಗಿ ಸೇರಿದ್ದು ತೆಲುಗು ಮನೆಮಾತಿನ ಯಲ್ದೂರಿನ ಮನೆ. ಅತ್ತೆಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಆದರೆ ಗಾಬರಿಯಾದರೆ ಬಾಯಲ್ಲಿ ತೆಲುಗು ನುಗ್ಗುವುದು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು, ಬೆಲ್ಲಕ್ಕೂ ತುಪ್ಪಕ್ಕೂ ಇನ್ನೂ ಬರ ಬಂದಿರಲಿಲ್ಲ.

ಅದು ನನ್ನ ಮೊದಲ ವರಮಹಾಲಕ್ಷ್ಮಿ ಹಬ್ಬ. ಪೂಜೆ ಮುಗಿಯುವವರೆಗೆ ಉಪವಾಸ. ಎಲೆಯ ಮುಂದೆ ಕೂತಾಗ ನನಗೆ ಒಬ್ಬಟ್ಟು ಬಿಟ್ಟು ಬೇರೇನೂ ಕಾಣಲಿಲ್ಲ. ಏಳು ತಿಂದೆ. ಎಂಟನೆಯದನ್ನು ಪಾತ್ರೆ ಒಳಗಿಡುವ ನೆಪದಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ನುಂಗಿದೆ. "ಅತ್ತೆಮನೇಲಿ ಹೊಟ್ಟೆಬಾಕಿ ಅನ್ನಿಸ್ಕೋಬೇಡ ಕಣೇ" ಎಂದು ಅಮ್ಮ ಹೇಳಿ ಕಳಿಸಿದ್ದು ಅದು ಗಂಟಲಿಳಿದ ಮೇಲೆ ನೆನಪಾಯಿತು.

ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ಮುಖ ಕೆಂಪಗೆ, ಒಂದು ಕೈ ಪಕ್ಕೆಗೆ ಒತ್ತಿಕೊಂಡಿದ್ದಾರೆ.

"ಅಮ್ಮಾಯೀ, ಕುಟ್ಟವೇ, ಬೇಗ ಕುಟ್ಟು! ಸಾಯಂಕಾಲ ಕುಂಕುಮಕ್ಕೆ ಹೆಂಗಸ್ರು ಬರ್ತಾರೆ. ಯಾರ್ಗೂ ಹೇಳ್ಬೇಡ!" ಎಂದು ಪಿಸುಗುಟ್ಟಿ ಸೂಜಿದಾರ ಹುಡುಕಲು ಹೋದರು. ಸೂಜಿದಾರದ ವಿಷಯ ನನಗೆ ತಿಳಿದದ್ದು ಆಮೇಲೆ.

ನಾನು ತಿಳಿದುಕೊಂಡದ್ದೇ ಬೇರೆ. ಎಂಟನ್ನೂ ನೋಡಿಬಿಟ್ಟಿದ್ದಾರೆ, ತಿಂದದ್ದು ಕರಗಲಿ ಎಂದು ಗುಟ್ಟಾಗಿ ಭತ್ತ ಕುಟ್ಟಲು ಹೇಳಿದ್ದಾರೆ! ನಾಚಿಕೆಯಿಂದ ಸತ್ತಂತಾಗಿ ಹಿತ್ತಿಲಿಗೆ ಓಡಿದೆ. ಸೆರಗು ಬಿಗಿದು ಒನಕೆ ಎತ್ತಿದೆ. ಒಬ್ಬಟ್ಟಿಗೆ ಐವತ್ತು ಏಟು ಎಂದು ನನಗೆ ನಾನೇ ದಂಡ ಹಾಕಿಕೊಂಡೆ. ಮೊದಲ ಎರಡು ಒಬ್ಬಟ್ಟಿನ ದಂಡಕ್ಕೆ ಹೊಟ್ಟೆಯೊಳಗೆ ಒಬ್ಬಟ್ಟೆಲ್ಲ ಕುಣಿದವು. ಮೂರನೆಯದರ ದಂಡಕ್ಕೆ ದೊಡ್ಡದೊಂದು ತೇಗು ಬಂತು. ಐದನೆಯದಕ್ಕೆ ಬೆವರು ಕಿತ್ತುಬಂದು, ಮೈ ಹಗುರಾಗಿ, ಯಾಕೋ ವಿಪರೀತ ಖುಷಿಯಾಗಿ, ಹಾಡುತ್ತಾ ಕುಟ್ಟತೊಡಗಿದೆ.

"ಏನೇ ಮಾಡ್ತಿದ್ದೀಯ?" ಅತ್ತೆ ಸೂಜಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಒನಕೆ ಕೈಜಾರಿತು. "ನೀವೇ ಕುಟ್ಟು ಅಂದ್ರಲ್ಲ ಅತ್ತೆ. ಎಂಟು ತಿಂದ್ಬಿಟ್ಟೆ, ತಪ್ಪಾಯ್ತು" ಎಂದು ಅಳತೊಡಗಿದೆ.

ಅವರು ಪಕ್ಕೆಯಿಂದ ಕೈ ತೆಗೆದರು. ರವಿಕೆಯ ಹೊಲಿಗೆ ಕಂಕುಳಿಂದ ಗೇಣುದ್ದ ಬಿಟ್ಟುಕೊಂಡಿತ್ತು. "ಇದನ್ನ ಕುಟ್ಟು ಅಂದೆ ಕಣೇ! ಇರೋದು ಇದೊಂದೇ ರೇಷ್ಮೆ ರವಿಕೆ!"

ತೆಲುಗಿನಲ್ಲಿ ಕುಟ್ಟು ಎಂದರೆ ಹೊಲಿ ಎಂದು ನಾನು ಕಲಿತದ್ದು ಹೀಗೆ. ಅಳು ಅಲ್ಲೇ ನಿಂತಿತು. "ನೀವೆಷ್ಟು ತಿಂದ್ರಿ ಅತ್ತೆ?"

"ಹತ್ತು," ಎಂದವರೇ ಒರಳ ಪಕ್ಕ ಕುಸಿದು ನಕ್ಕರು. ನಾನೂ ನಕ್ಕೆ. ನಗುವ ಭರಕ್ಕೆ ಅವರ ಇನ್ನೊಂದು ಪಕ್ಕದ ಹೊಲಿಗೆಯೂ ಪರ್ ಎಂದಿತು.

ನಗುತ್ತಲೇ ಎರಡೂ ಕಡೆ ಹೊಲಿದೆ, ಹೊಲಿಗೆ ಸೊಟ್ಟಸೊಟ್ಟ. ಸಂಜೆ ಕುಂಕುಮಕ್ಕೆ ಬಂದ ಹಿರಿಯ ಮುತ್ತೈದೆಯೊಬ್ಬರು ಹಿತ್ತಿಲ ಕಡೆ ಇಣುಕಿ, "ಹಬ್ಬದ ದಿನ ಭತ್ತ ಕುಟ್ಟಿದ್ಯಾರಮ್ಮ?" ಎಂದರು. ನಾನು ಅತ್ತೆಯ ಬೆನ್ನ ಹಿಂದೆ ಸರಿದೆ. ಅತ್ತೆ ಎರಡು ತೋಳನ್ನೂ ಮೈಗೆ ಅಂಟಿಸಿಕೊಂಡೇ, "ನನ್ನ ಸೊಸೆ ಕಣಮ್ಮ. ತಿನ್ನೋದು ಕೋಳಿ ತಿಂದಷ್ಟು, ಸುಮ್ನೆ ಮಾತ್ರ ಕೂರಲ್ಲ" ಎಂದರು. ಆ ಸುಳ್ಳು ಕೇಳಿ ನನಗಾದ ಸಂತೋಷ ತಾಳಿ ಕಟ್ಟಿಸಿಕೊಂಡ ದಿನವೂ ಆಗಿರಲಿಲ್ಲ.

ಅಲ್ಲಿಂದಾಚೆಗೆ ಹಬ್ಬದೂಟ ಮುಗಿದರೆ ನಾವಿಬ್ಬರೂ ಹಿತ್ತಿಲಿಗೆ. "ಯಾವ ಕುಟ್ಟು ಅತ್ತೆ?" ಎಂದು ನಾನು ಕೇಳುವುದು.

"ಮೊದ್ಲು ನಿನ್ನ ಕನ್ನಡದ್ದು, ಆಮೇಲೆ ನನ್ನ ತೆಲುಗಿಂದು" ಎಂದು ಅವರು ಇನ್ನೊಂದು ಒನಕೆ ಎತ್ತಿಕೊಳ್ಳುವುದು.