ಶನಿವಾರ ನಾಲ್ಕು ಗಂಟೆಯ ಒಂದು ಗ್ಲಾಸ್

ಮೊನ್ನೆ ಅಂಗಡಿಯಲ್ಲಿ ಫ್ರೋಜನ್ ಪೀಚ್ ಹಣ್ಣು ಅರ್ಧ ಬೆಲೆಗೆ ಸಿಕ್ಕಿತೆಂದು ನಾಲ್ಕು ಚೀಲ ತಂದೆ. ಮನೆಗೆ ಬಂದರೆ ಫ್ರೀಜರ್‌ನಲ್ಲಿ ಮೂರಕ್ಕಷ್ಟೇ ಜಾಗ. ನಾಲ್ಕನೆಯದನ್ನು ಬೋಗುಣಿಗೆ ಸುರಿದು ಅಡುಗೆ ಕಟ್ಟೆಯ ಮೇಲಿಟ್ಟು ಮರೆತೆ. ಅರ್ಧ ಗಂಟೆ ಬಿಟ್ಟು ಬಂದಾಗ ಐಸ್ ಬಿಟ್ಟ ಹಣ್ಣಿನ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿಕೊಂಡಿತ್ತು... ಸಿಹಿಯ ಜೊತೆ ಒಂದಿಷ್ಟು ಹುಳಿ. ಅಲ್ಲೇ ಸ್ಟೂಲ್ ಎಳೆದುಕೊಂಡು ಕುಳಿತೆ. ಪಕ್ಕದ ಮನೆಯ ಆಂಟಿ ನೆನಪಾದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾರು ಕಾರ್ಖಾನೆಗಳ ಊರಾದ ಡಿಯರ್‌ಬಾರ್ನ್‌ನಿಂದ ಇಪ್ಪತ್ತು ಮೈಲಿ ದೂರದ ಬಡಾವಣೆಯಲ್ಲಿ ನಮ್ಮ ಮನೆ, ಬೇಲಿಯಾಚೆ ಅವರದು. ಅಂಕಲ್ ಕಾರು ಕಂಪನಿಯಲ್ಲಿ ಎಂಜಿನಿಯರ್. ಇಬ್ಬರೂ ಧಾರವಾಡ ಕಡೆಯವರು. ನಾನು ತುಮಕೂರಿನವಳು, ಅವರಿಗಿಂತ ಹದಿನೈದು ವರ್ಷ ಚಿಕ್ಕವಳು. ಮುಚ್ಚುತ್ತಿರುವ ಅಂಗಡಿಗಳ ಸರಕನ್ನು ಒಟ್ಟಿಗೆ ಎತ್ತಿಕೊಂಡು ವಾರದ ಕೊನೆಗೆ ಫ್ಲೀ ಮಾರ್ಕೆಟ್ ಎನ್ನುವ ಸಂತೆಯಲ್ಲಿ ಮಾರುತ್ತಿದ್ದೆ. ಯಾವ ಅಂಗಡಿ ಯಾವ ವಾರ ಬೆಲೆ ಇಳಿಸುತ್ತದೆ ಎಂದು ತಿಳಿಯಬೇಕಾದರೆ ಅಲ್ಲಿನ ಕನ್ನಡದವರೆಲ್ಲ ನನಗೇ ಫೋನ್ ಮಾಡುತ್ತಿದ್ದರು. ಆಂಟಿ ಮಾತ್ರ ಏನೂ ಕೇಳುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಶನಿವಾರ ಬೆಳಿಗ್ಗೆ ತಾವೇ ಡ್ರೈವ್ ಮಾಡಿಕೊಂಡು ಹೋಗಿ, ಸೋಡಾದ ಹಾಗೆ ಗುಳ್ಳೆಯೇಳುವ ಸ್ಪಾರ್ಕ್ಲಿಂಗ್ ವೈನ್‌ನ ಒಂದೇ ಒಂದು ಪುಟ್ಟ ಬಾಟಲಿ ತರುತ್ತಿದ್ದರು. ಒಂದು ಗ್ಲಾಸಿಗೆ ಮಾತ್ರ ಸಾಲುವ ಬಾಟಲಿ. ದೊಡ್ಡದರ ಲೆಕ್ಕದಲ್ಲಿ ನೋಡಿದರೆ ದುಪ್ಪಟ್ಟು ಬೆಲೆ. ಕಂಡಾಗಲೆಲ್ಲ ಮನಸ್ಸಿನಲ್ಲೇ ನಷ್ಟದ ಲೆಕ್ಕ ಹಾಕುತ್ತಿದ್ದೆ.

ಅದರಲ್ಲಿ ಅವರು ಮಾಡುತ್ತಿದ್ದುದು ಪೀಚ್ ಹಣ್ಣಿನ ಐಸ್ ಹಾಕಿದ ಪಾನೀಯ. ಮನೆಯಲ್ಲಿ ಮಾಡುವವರಿಗಾಗಿ ಹೇಳಿಬಿಡುತ್ತೇನೆ, ಇದು ಆಂಟಿಯಿಂದ ಕಲಿತದ್ದು. ಹಣ್ಣು, ಸಕ್ಕರೆ, ನಿಂಬೆರಸ ಮೂರನ್ನೇ ರುಬ್ಬಿ. ವೈನನ್ನು ಮಿಕ್ಸಿಯ ಹತ್ತಿರ ತರಬೇಡಿ. ಮೊದಲ ಸಲ ಆಂಟಿ ಅದನ್ನೂ ಸುರಿದು ಮುಚ್ಚಳ ಹಾಕಿ ತಿರುಗಿಸಿದ್ದರಂತೆ. ಮುಚ್ಚಳ ಹಾರಿ, ಅಂಕಲ್ ಏಣಿ ಹತ್ತಿ ಸೀಲಿಂಗ್ ಒರೆಸಿದರಂತೆ. ರುಬ್ಬಿದ್ದನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ರೀಜರ್‌ನಲ್ಲಿಡಿ, ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಕೆರೆಯಿರಿ. ಸಕ್ಕರೆ ಹಾಕಲು ಕೈ ಬಿಗಿ ಹಿಡಿಯಬೇಡಿ, ಕಡಿಮೆಯಾದರೆ ಕಲ್ಲಿನಂತೆ ಕಟ್ಟಿಕೊಳ್ಳುತ್ತದೆ. ಬಾಟಲಿ ಫ್ರಿಜ್‌ನಲ್ಲಿ ತಣ್ಣಗಾದರೆ ಸಾಕು. ಫ್ರೀಜರ್‌ನಲ್ಲಿಟ್ಟು ಮರೆತರೆ ಒಡೆಯುತ್ತದೆ. ಗ್ಲಾಸಿಗೆ ಹಣ್ಣಿನ ಐಸ್ ತುಂಬಿ, ಕೊನೆಗೆ ವೈನನ್ನು ಅಂಚಿನಿಂದ ನಿಧಾನವಾಗಿ ಇಳಿಸಿ. ಕುಡಿಯುವುದಕ್ಕಿಂತ ಚಮಚದಲ್ಲಿ ತಿನ್ನುವುದೇ ಹೆಚ್ಚು. ಒಂದು ಗ್ಲಾಸ್ ಮುಗಿಯಲು ಒಂದು ಗಂಟೆ ಬೇಕು.

ಆ ಒಂದು ಗಂಟೆಯೇ ಆಂಟಿಗೆ ಬೇಕಾಗಿದ್ದದ್ದು. ಅದನ್ನು ಅವರು ನನಗೆ ಹೇಳಿದ್ದು ನಮ್ಮ ದೇಶದ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಸಾಮಾನು ತರಲು ಹೊರಟಾಗ. ಶಿಕಾಗೋಗೆ ಐದು ಗಂಟೆಯ ದಾರಿ, ಕಾರಿನಲ್ಲಿ ನಾವಿಬ್ಬರೇ. ಅಂಕಲ್ ವರ್ಷಗಟ್ಟಲೆ ಕುಡಿದಿದ್ದರು. ಡಾಕ್ಟರ್ ಪೂರ್ತಿ ಬಿಡಲು ಹೇಳಿದ್ದರು, ಅದು ಆಗಲಿಲ್ಲ. ಕೊನೆಗೆ ಗಂಡಹೆಂಡತಿ ಕೂತು ಒಂದು ಕರಾರು ಮಾಡಿಕೊಂಡಿದ್ದರು. ಬೇಸಿಗೆಯಲ್ಲಿ ಶನಿವಾರ ನಾಲ್ಕು ಗಂಟೆಗೆ ಒಂದೇ ಗ್ಲಾಸ್, ಉಳಿದ ದಿನ ಏನೂ ಇಲ್ಲ. ತರುವವರೂ ಆಂಟಿ, ಮಾಡುವವರೂ ಆಂಟಿ. ಅಂಕಲ್ ತಾವಾಗಿ ತರಕೂಡದು, ಯಾರಿಂದಲೂ ತರಿಸಕೂಡದು. ಆ ಮಾತು ತಪ್ಪಿದ ದಿನ ಆಂಟಿ ಶಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕ್‌ನಲ್ಲಿದ್ದ ತಂಗಿಯ ಮನೆಗೆ ಹೊರಟುಬಿಡುವುದು.

"ಸೂಟ್‌ಕೇಸ್ ತುಂಬಿ ಇಟ್ಟೀನಿ ಯವ್ವಾ," ಎಂದರು, ಕಿಟಕಿಯಾಚೆ ನೋಡುತ್ತ. "ಥಂಡಿ ಬಂತಂದ್ರ ತೆಳ್ಳನ ಸೀರಿ ತಗದು ಸ್ವೆಟರ್ ಹಾಕ್ತೀನಿ. ಬ್ಯಾಸಗಿ ಬಂದ್ರ ಮತ್ತ ಬದಲಿ ಮಾಡ್ತೀನಿ."

ನಾನು ನಕ್ಕೆ. ಅವರು ನಗಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಕೆಲಸ ಮಾಡಿದೆ. ಎರಡು ವರ್ಷದ ಮೇಲೆ, ಜುಲೈ ತಿಂಗಳಿನಲ್ಲಿ, ಹುಲ್ಲಿಗೆ ನೀರು ಬಿಡುತ್ತಿದ್ದ ಅಂಕಲ್ ಬೇಲಿಯ ಹತ್ತಿರ ಬಂದರು. ಮುಂದಿನ ತಿಂಗಳು ಮದುವೆಯಾಗಿ ಇಪ್ಪತ್ತೈದು ವರ್ಷವಾಗುತ್ತದೆ, ಆಂಟಿಗೆ ಗೊತ್ತಾಗದ ಹಾಗೆ ನಲವತ್ತು ಜನರನ್ನು ಕರೆಯಬೇಕೆಂದಿದ್ದೇನೆ ಎಂದರು. ಅದಕ್ಕೆ ಸ್ಪಾರ್ಕ್ಲಿಂಗ್ ವೈನ್ ದೊಡ್ಡ ಬಾಟಲಿ ಒಂದು ಕೇಸ್ ಬೇಕಂತೆ.

"ನಿನ್ನಂಗ ಸೋವಿ ಹುಡುಕಿ ತರಾವ್ರು ಈ ಊರಾಗ ಇನ್ಯಾರದಾರ," ಎಂದರು.

ಆ ಮಾತು ಸಾಕಾಯಿತು ನನಗೆ. ಮುಚ್ಚುತ್ತಿದ್ದ ಒಂದು ಅಂಗಡಿಗೆ ಹೋಗಿ, ಮಾಲೀಕನ ಜೊತೆ ಮುಕ್ಕಾಲು ಗಂಟೆ ಚೌಕಾಸಿ ಮಾಡಿ, ಹನ್ನೆರಡು ಬಾಟಲಿಯ ಕೇಸನ್ನು ಅರ್ಧಕ್ಕಿಂತ ಕಡಿಮೆಗೆ ಎತ್ತಿಕೊಂಡು ಬಂದೆ. ಆಂಟಿ ದೇವಸ್ಥಾನಕ್ಕೆ ಹೋಗಿದ್ದ ಹೊತ್ತು ನೋಡಿ ಅವರ ಗ್ಯಾರೇಜಿನಲ್ಲಿ ಇಳಿಸಿದೆ. ಅಂಕಲ್ ಅದರ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿದರು. ಆ ಹೊದಿಸಿದ ರೀತಿ ನೋಡಿಯಾದರೂ ನನಗೆ ತಿಳಿಯಬೇಕಿತ್ತು... ವ್ಯಾಪಾರದಲ್ಲಿ ಎದುರಿನವರ ಕೈ ನೋಡಿಯೇ ಮನಸ್ಸು ಹೇಳುತ್ತಿದ್ದವಳು ನಾನು.

ಪಾರ್ಟಿ ನಡೆಯಲಿಲ್ಲ. ನಿಜವಾಗಿ ಮಾಡಬೇಕೆಂದಿದ್ದರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಮೂರನೆಯ ವಾರ ಆಂಟಿ ಮಡಚುವ ಕುರ್ಚಿ ತರಲು ಗ್ಯಾರೇಜಿಗೆ ಹೋದಾಗ ಆ ಕೇಸ್ ಕಂಡಿತು. ಐದು ಬಾಟಲಿ ಖಾಲಿಯಾಗಿದ್ದವು. ಪಕ್ಕದವಳೇ ತಂದಿಟ್ಟು ಹೋದಳು, ಕಣ್ಣೆದುರಿಗಿದ್ದುದರಿಂದ ಕೈ ಹೋಯಿತು ಎಂದು ಅಂಕಲ್ ಹೇಳಿದ್ದರು.

ಮಾರನೆಯ ಬೆಳಿಗ್ಗೆ ಆಂಟಿ ನಮ್ಮ ಡ್ರೈವ್‌ವೇಗೆ ಬಂದರು. ನಾನು ವ್ಯಾನಿಗೆ ಸಾಮಾನು ತುಂಬುತ್ತಿದ್ದೆ. ಹೊರಗೆ ಹೊರಡುವವರ ಹಾಗೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದರು. ಅದನ್ನು ನೋಡಿಯೇ ನನಗೆ ಆ ಸೂಟ್‌ಕೇಸ್ ನೆನಪಾಯಿತು. ಅವರು ಬೈಯಲಿಲ್ಲ.

"ಖರೇ ಹೇಳು. ಇಟ್ಟದ್ದು ಕಂಡು ಕುಡದ್ರ ಅದು ಅವರ ರೋಗ, ನಾ ತಡಕೋತೀನಿ. ತಾವಾಗಿ ಕೇಳಿ ತರಿಸ್ಯಾರಂದ್ರ ಅದು ಮೋಸ. ಅವರು ಕೇಳಿದ್ರೋ, ನೀನಾಗೇ ತಂದಿ?"

ಅವರ ಹೆಗಲಾಚೆ, ಅಂಕಲ್ ತಮ್ಮ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದರು. ಅಷ್ಟು ದೂರಕ್ಕೆ ಮಾತು ಕೇಳಿಸುತ್ತಿರಲಿಲ್ಲ. ಆದರೆ ಆಂಟಿ ಏನು ಕೇಳುತ್ತಿದ್ದಾರೆಂದು ಅವರಿಗೆ ಗೊತ್ತಿತ್ತು. ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಹೊರಗೆ ಬಂದುಬಿಟ್ಟಿದ್ದರು.

"ಇಲ್ಲ ಆಂಟಿ. ನಾನೇ ತಂದೆ," ಎಂದೆ. "ಅಗ್ಗಕ್ಕೆ ಸಿಕ್ತು ಅಂತ."

ಯಾಕೆ ಹಾಗೆ ಹೇಳಿದೆ... ಅಂಕಲ್ ಮೇಲಿನ ಕನಿಕರಕ್ಕೆ ಎಂದರೆ ಅರ್ಧ ಸುಳ್ಳು. ಕರಾರು ಗೊತ್ತಿದ್ದೂ ಅಂಕಲ್ ಕೇಳಿದರೆಂದು ತಂದೆ ಎಂದು ಒಪ್ಪಿಕೊಳ್ಳುವುದಕ್ಕಿಂತ, ಅಗ್ಗದ ಆಸೆಗೆ ತಂದ ದಡ್ಡಿ ಎನ್ನಿಸಿಕೊಳ್ಳುವುದು ಆ ಹೊತ್ತಿಗೆ ಹಗುರವಾಗಿ ಕಂಡಿತು. ಉಳಿದ ಏಳು ಬಾಟಲಿಯನ್ನು ಇಬ್ಬರೂ ಸೇರಿ ಅವರ ಅಡುಗೆಮನೆಯ ಸಿಂಕಿನಲ್ಲಿ ಸುರಿದೆವು. ಅಂಗಡಿಯವನು ವಾಪಸ್ ತೆಗೆದುಕೊಳ್ಳುತ್ತಾನೇನೋ ಕೇಳುತ್ತೇನೆ ಎಂಬ ಮಾತು ನನ್ನ ಬಾಯಿಗೆ ಬಂದೇಬಿಟ್ಟಿತು. ಆಂಟಿ ಒಂದು ಸಲ ನನ್ನ ಮುಖ ನೋಡಿ, ಮುಂದಿನ ಬಾಟಲಿ ತೆರೆದರು.

ಅವರು ಬೋಲಿಂಗ್‌ಬ್ರೂಕ್‌ಗೆ ಹೋಗಲಿಲ್ಲ. ನಮ್ಮ ಮನೆಗೂ ಮತ್ತೆ ಬರಲಿಲ್ಲ. ಬೀದಿಯಲ್ಲಿ ಎದುರಾದರೆ "ಆರಾಮ ಇದ್ದೀರಿ?" ಎನ್ನುತ್ತಿದ್ದರು. ಅದಕ್ಕೆ ಮುಂಚೆ ಎಂದೂ ನನ್ನನ್ನು ಬಹುವಚನದಲ್ಲಿ ಕರೆದವರಲ್ಲ. ಅವಳ ಕೈಗೆ ಮನೆಯ ಬೀಗದ ಕೈ ಕೊಡಬೇಡಿ, ಒಳ್ಳೆಯವಳೇ, ಆದರೆ ತಿಳಿವಳಿಕೆ ಇಲ್ಲ ಎಂದು ಎಲ್ಲರೂ ಅಡುಗೆ ತರುವ ಪಾಟ್‌ಲಕ್ ಊಟದಲ್ಲಿ ಯಾರಿಗೋ ಹೇಳಿದರಂತೆ. ಆ ಯಾರೋ ಅದನ್ನು ನನಗೆ ಮುಟ್ಟಿಸಿದರು. ಮುಟ್ಟಿಸದೆ ಬಿಡುತ್ತಾರೆಯೇ?

ಶನಿವಾರಗಳು ಮಾತ್ರ ನಡೆದವು. ಮೇಲಿನ ಕಿಟಕಿಯಿಂದ ನನಗೆ ಅವರ ಮನೆಯ ಹಿಂದಿನ ಮರದ ಜಗಲಿ, ಡೆಕ್, ಕಾಣುತ್ತಿತ್ತು. ನಾಲ್ಕು ಗಂಟೆಗೆ ಅಂಕಲ್‌ಗೆ ವೈನ್ ಹಾಕಿದ ಗ್ಲಾಸ್, ಆಂಟಿಗೆ ಬರೀ ಹಣ್ಣಿನ ಐಸ್. ಇಬ್ಬರೂ ಚಮಚ ಆಡಿಸುತ್ತ ಕೂತಿರುತ್ತಿದ್ದರು. ಹೀಗೇ ಏಳು ಬೇಸಿಗೆ.

ಒಂದು ಸಲ, ಪೋಸ್ಟ್ ತೆಗೆದುಕೊಳ್ಳಲು ಹೋದಾಗ ಅಂಕಲ್ ಸಿಕ್ಕರು. ಕೈಯಲ್ಲಿದ್ದ ಲಕೋಟೆಗಳನ್ನು ಹಿಂದುಮುಂದು ಮಾಡುತ್ತ ನಿಂತರು.

"ನಾ ಹೇಳ್ತೀನಿ ಅಕೀಗೆ. ಒಂದಿನ ಹೇಳ್ತೀನಿ."

"ಬೇಡ ಬಿಡಿ ಅಂಕಲ್," ಎಂದೆ. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ.

ಕೊನೆಗೆ ಅಂಕಲ್ ಲಿವರ್ ಕೆಟ್ಟೇ ತೀರಿಕೊಂಡರು. ಅದು ಹಳೆಯ ಹಾನಿಯೋ, ಆ ಏಳು ವರ್ಷದಲ್ಲಿ ಬೇರೆಲ್ಲಾದರೂ ಕದ್ದು ಕುಡಿದದ್ದೋ, ಹೇಳುವವರು ಯಾರು? ಆ ದಿನ ನಿಜ ಹೇಳಿದ್ದರೆ ಆಂಟಿ ತಂಗಿಯ ಮನೆಯಲ್ಲಿ ನೆಮ್ಮದಿಯಾಗಿರುತ್ತಿದ್ದರೇ, ಅಂಕಲ್ ಹೆದರಿ ಪೂರ್ತಿ ಬಿಟ್ಟುಬಿಡುತ್ತಿದ್ದರೇ... ಯೋಚಿಸಿ ಯೋಚಿಸಿ ಸಾಕಾಗಿದೆ.

ಮನೆ ಮಾರಿದ ಮೇಲೆ ಆಂಟಿ ಬೋಲಿಂಗ್‌ಬ್ರೂಕ್‌ಗೇ ಹೋದರು. ಒಮ್ಮೆ ನೋಡಲು ಹೋಗಿದ್ದೆ. ತಂಗಿ ಚಹಾ ಕೊಟ್ಟರು. ಆಂಟಿ ಅಂಕಲ್ ವಿಷಯ ಒಂದೇ ಒಂದು ಮಾತು ಆಡಿದರು.

"ಏನೇ ಇರಲಿ, ನನಗ ಕೊಟ್ಟ ಮಾತು ತಪ್ಪಲಿಲ್ರೀ ಅವರು."

ಹೌದು ಎಂದು ತಲೆಯಾಡಿಸಿದೆ. ಹೇಳಬೇಕಾಗಿದ್ದ ಮಾತನ್ನು ಚಹಾದ ಜೊತೆ ನುಂಗಿ, ಅವತ್ತೇ ಡ್ರೈವ್ ಮಾಡಿಕೊಂಡು ವಾಪಸ್ ಬಂದೆ. ಅಂಕಲ್ ಹೇಳದೆಯೇ ಹೋದರೆಂದು ಆಗ ಖಚಿತವಾಯಿತು.

ಹೋದ ತಿಂಗಳು ಆಂಟಿಯೂ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದು ನಾಲ್ಕು ದಿನ ತಡವಾಗಿ. ತಂಗಿಯ ಮಗಳ ನಂಬರ್ ಹುಡುಕಿ ಫೋನ್ ಮಾಡಿದೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಇಂಗ್ಲಿಷಿನಲ್ಲೇ ಮಾತಾಡಿದಳು. ದೊಡ್ಡಮ್ಮನ ಪರಿಚಯದವರೆಲ್ಲರ ಹೆಸರು ಒಂದೆಡೆ ಬರೆದಿಡುತ್ತಿದ್ದೇನೆ, ನಿಮ್ಮನ್ನು ಏನೆಂದು ಬರೆದುಕೊಳ್ಳಲಿ, ಫ್ರೆಂಡ್ ಎನ್ನಲೇ ಎಂದು ಕೇಳಿದಳು.

ಪಕ್ಕದ ಮನೆಯವರು ಎಂದು ಬರೆದುಕೋ ಎಂದೆ.