ಹತ್ತನೆಯ ಹೆಸರು

ನಮ್ಮ ಭೂಗೋಳದ ಮಿಸ್ ಬಲಗಾಲಿಗೆ ಹಾಕುತ್ತಿದ್ದ ಬೂಟಿನ ಅಟ್ಟೆ ನಾಲ್ಕು ಬೆರಳು ದಪ್ಪವಿತ್ತು. ಕಪ್ಪು ಚರ್ಮ, ಕಣಕಾಲಿನ ಮೇಲೆ ಎರಡು ಪಟ್ಟಿ, ಪಟ್ಟಿಗೆ ಹಿತ್ತಾಳೆಯ ಬಕ್ಕಲು. ಎಡಗಾಲಿಗೆ ಎಲ್ಲರ ಹಾಗೆ ಸಾಧಾರಣ ಚಪ್ಪಲಿ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಬಲಗಾಲು ಬೆಳೆಯದೆ ನಿಂತುಬಿಟ್ಟಿತ್ತಂತೆ. ಅವರು ಕಾಣಿಸುವ ಮೊದಲೇ ವರಾಂಡದಲ್ಲಿ ಒಂದು ಹಗುರ ಹೆಜ್ಜೆ, ಒಂದು ಭಾರದ ಹೆಜ್ಜೆ ಕೇಳಿಸುತ್ತಿತ್ತು. ನಾವು ಸದ್ದಿಲ್ಲದೆ ಅಟ್ಲಾಸ್ ತೆಗೆಯುತ್ತಿದ್ದೆವು. ಆ ಬೂಟನ್ನು ಅವರು ಬಿಚ್ಚಿದ್ದನ್ನು ಶಾಲೆಯಲ್ಲಿ ಯಾರೂ ನೋಡಿರಲಿಲ್ಲ. ಶಾರದಾ ಪೂಜೆಯ ದಿನ ನಾವೆಲ್ಲ ಚಪ್ಪಲಿ ಬಿಟ್ಟು ಹಾಲಿನಲ್ಲಿ ಕೂತರೆ, ಅವರು ಬಾಗಿಲಾಚೆ ಒಂದು ಕುರ್ಚಿ ಹಾಕಿಕೊಂಡು ಅಲ್ಲಿಂದಲೇ ಕೈಮುಗಿಯುತ್ತಿದ್ದರು.

ಸರಸ್ವತಿಪುರಂನ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಿಂದ ಜಪಾನಿಗೆ ಹೋಗುವುದೆಂಬ ಯೋಚನೆ ಅವರದೇ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಮೈಸೂರು ನೋಡಲು ಬಂದಿದ್ದ ಜಪಾನಿನ ಒಬ್ಬ ಮೇಷ್ಟ್ರು ಒಂದು ಮಧ್ಯಾಹ್ನ ನಮ್ಮ ಶಾಲೆಗೂ ಬಂದುಹೋಗಿದ್ದರು. ಮಿಸ್ ಆ ಮೇಷ್ಟ್ರ ವಿಳಾಸ ಬರೆದಿಟ್ಟುಕೊಂಡರು. ಎರಡು ವರ್ಷ ಕಾಗದ ಓಡಾಡಿತು. ಕೊನೆಗೆ ಒಪ್ಪಂದವಾಯಿತು: ನಮ್ಮ ಹುಡುಗಿಯರು ಹನ್ನೆರಡು ದಿನ ಅಲ್ಲಿಯ ಮನೆಗಳಲ್ಲಿ ಇರುವುದು, ಒಂದೊಂದು ಮನೆಯಲ್ಲಿ ಒಬ್ಬೊಬ್ಬರು; ಮುಂದಿನ ವರ್ಷ ಅವರ ಮಕ್ಕಳು ನಮ್ಮ ಮನೆಗಳಿಗೆ ಬರುವುದು. ಊರಿನ ಒಂದು ಕ್ಲಬ್ಬಿನವರು ವಿಮಾನದ ಖರ್ಚು ಹೊತ್ತುಕೊಂಡರು. ಹೋಗಲು ಹನ್ನೆರಡು ಹುಡುಗಿಯರ ಆಯ್ಕೆಯಾಯಿತು. ಅವರಲ್ಲಿ ನಾನೊಬ್ಬಳು.

ತೊಡಕು ಶುರುವಾದದ್ದು ಪೋಷಕರ ಸಭೆಯಲ್ಲಿ. ಅಲ್ಲಿ ಊಟಕ್ಕೆ ಏನು ಕೊಡುತ್ತಾರೆ ಎಂದು ಯಾರೋ ಕೇಳಿದರು. ಹೆಡ್ ಮಿಸ್ ಅನ್ನ, ತರಕಾರಿ, ಸೊಪ್ಪು ಎಂದು ಹೇಳಿ ಮಾತು ಮುಗಿಸುವುದರಲ್ಲಿದ್ದರು. ಭೂಗೋಳದ ಮಿಸ್ ಎದ್ದು ನಿಂತರು. ಅಲ್ಲಿಯ ಸಾರು ನೋಡುವುದಕ್ಕೆ ಬರೀ ನೀರಿನ ಹಾಗಿದ್ದರೂ ಒಣಮೀನು ಹಾಕಿ ಕುದಿಸಿದ್ದಾಗಿರುತ್ತದೆ, ಬೇಡವೆಂದು ಮೊದಲೇ ಬರೆದು ತಿಳಿಸುತ್ತೇನೆ, ಆದರೂ ಹನ್ನೆರಡು ದಿನದಲ್ಲಿ ಎಲ್ಲಾದರೂ ಬಾಯಿಗೆ ಬಿದ್ದೇಬಿಡಬಹುದು ಎಂದರು. ಸಭೆ ಗದ್ದಲವಾಯಿತು. ಮರುದಿನ ಎರಡು ಮನೆಯವರು ಮಕ್ಕಳ ಹೆಸರು ಹಿಂದಕ್ಕೆ ತೆಗೆದುಕೊಂಡರು. ಹೆಡ್ ಮಿಸ್ ಸ್ಟಾಫ್ ರೂಮಿನಲ್ಲಿ ರೇಗಿದ್ದು ನಮ್ಮ ತರಗತಿಯವರೆಗೂ ಕೇಳಿಸಿತು. ಇವರ ಉತ್ತರವೂ ಕೇಳಿಸಿತು: "ಗೊತ್ತಿದ್ದೂ ಹೇಳ್ದೆ ಇರೋದೂ ಸುಳ್ಳೇ ಅಲ್ವೇ ಮೇಡಂ?"

ಹತ್ತು ಜನ ಉಳಿದೆವು. ಜಪಾನಿನವರು ಕೇಳಿದ್ದು ಕನಿಷ್ಠ ಹತ್ತು. ಒಬ್ಬರು ಕಡಿಮೆಯಾದರೂ ಪ್ರಯಾಣವೇ ಇಲ್ಲ ಎಂದು ಹೆಡ್ ಮಿಸ್ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳಿದರು. ಹೊಸಬರನ್ನು ಆರಿಸಿ, ಮನೆಯವರನ್ನು ಒಪ್ಪಿಸಿ, ಪಾಸ್‌ಪೋರ್ಟ್ ಮಾಡಿಸುವಷ್ಟು ದಿನಗಳೂ ಉಳಿದಿರಲಿಲ್ಲ. ಆವತ್ತಿನಿಂದ ನಾವು ಹತ್ತು ಜನ ಒಬ್ಬರನ್ನೊಬ್ಬರು ಕಾಯತೊಡಗಿದೆವು. ಯಾರಾದರೂ ಕೆಮ್ಮಿದರೆ ಉಳಿದ ಒಂಬತ್ತು ಜನ ತಿರುಗಿ ನೋಡುತ್ತಿದ್ದೆವು.

ಪಾಸ್‌ಪೋರ್ಟಿನ ಅರ್ಜಿಯಲ್ಲಿ ತಂದೆ, ತಾಯಿ ಇಬ್ಬರ ಸಹಿಯೂ ಬೇಕಿತ್ತು. ಅಪ್ಪ ನಮ್ಮನ್ನು ಬಿಟ್ಟುಹೋಗಿ ಆಗಲೇ ಐದು ವರ್ಷವಾಗಿತ್ತು. ದೂರವೇನೂ ಹೋಗಿರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ, ಸಿದ್ಧಾರ್ಥನಗರದಲ್ಲಿ, ಬೇರೊಬ್ಬರ ಜೊತೆ ಸಂಸಾರ ಹೂಡಿದ್ದರು. ಅಮ್ಮ ಸಹಕಾರಿ ಬ್ಯಾಂಕಿನಲ್ಲಿ ಟೈಪಿಸ್ಟು. ಮನೆಯಲ್ಲಿ ಅಮ್ಮ, ಅಜ್ಜಿ, ನಾನು. ಅಪ್ಪನ ಮಾತು ನಮ್ಮ ಮನೆಯಲ್ಲಿ ಬರುತ್ತಿರಲಿಲ್ಲ. ಶಾಲೆಯಲ್ಲಿ ಗೆಳತಿಯರು ಕೇಳಿದರೆ ಶಿವಮೊಗ್ಗದಲ್ಲಿ ಕೆಲಸ ಎಂದು ಹೇಳಿಬಿಡುತ್ತಿದ್ದೆ. ಜಪಾನಿನ ಮನೆಯವರಿಗೆ ನಮ್ಮ ಪರಿಚಯದ ಕಾಗದ ಬರೆಯಬೇಕಾಗಿ ಬಂದಾಗಲೂ, ನಮ್ಮ ತಂದೆ ಪ್ರತಿ ಭಾನುವಾರ ನನ್ನನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾರೆ ಎಂದು ಬರೆದು ಮಿಸ್ ಕೈಗೆ ಕೊಟ್ಟಿದ್ದೆ.

ಸಹಿಯ ವಿಷಯ ಎತ್ತಿದಾಗ ಅಮ್ಮ ರುಬ್ಬುತ್ತಿದ್ದ ಕೈ ನಿಲ್ಲಿಸದೆ, ಹಾಗಾದರೆ ಹೋಗುವುದೇ ಬೇಡ ಎಂದರು. ನಾನು ಬಚ್ಚಲಿಗೆ ಹೋಗಿ ಅತ್ತೆ. ಒಂಬತ್ತು ಹುಡುಗಿಯರ ಮುಖ ಕಣ್ಣ ಮುಂದೆ ಬಂತು. ಎರಡು ದಿನ ಬಿಟ್ಟು, ಅಪ್ಪನ ಹೆಸರನ್ನು ಕನ್ನಡದಲ್ಲಿ ನಾನೇ ಓರೆಯಾಗಿ ಬರೆದು, ಕೆಳಗೊಂದು ಗೆರೆ ಎಳೆದು, ಅರ್ಜಿಯನ್ನು ಮಿಸ್ ಕೈಗೆ ಕೊಟ್ಟೆ.

ಅದು ಬುಧವಾರ. ಊಟದ ಬಿಡುವಿನಲ್ಲಿ ಭೂಪಟಗಳನ್ನು ಇಡುವ ಕೋಣೆಗೆ ನನ್ನನ್ನು ಕರೆದರು. ಬಾಗಿಲು ಮುಂದಕ್ಕೆ ಮಾಡಿ, ಅರ್ಜಿಯನ್ನೂ ನನ್ನ ಭೂಗೋಳದ ನೋಟ್ಸನ್ನೂ ಪಕ್ಕಪಕ್ಕದಲ್ಲಿ ಇಟ್ಟರು. 'ಮ' ಬರೆಯುವಾಗ ಕೊನೆಯ ಕೊಂಬನ್ನು ಒಳಕ್ಕೆ ಸುತ್ತುವ ಅಭ್ಯಾಸ ನನಗೆ. ಎರಡು ವರ್ಷ ಅದನ್ನು ತಿದ್ದಿದವರು ಅವರು.

"ಇದು ನಿಮ್ಮಪ್ಪನ ಸಹಿ ಅಲ್ಲ ಕಣಮ್ಮ," ಎಂದರು. ಗದರಿಸಲಿಲ್ಲ.

ಅರ್ಜಿಯನ್ನು ಕಳಿಸಿಬಿಟ್ಟಿದ್ದರೆ ಎರಡು ವರ್ಷದ ಅವರ ಕೆಲಸ ಉಳಿಯುತ್ತಿತ್ತು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಅರ್ಜಿಯನ್ನು ಸಣ್ಣಸಣ್ಣ ಚೂರು ಮಾಡಿ, ಬುಟ್ಟಿಗೆ ಹಾಕದೆ ತಮ್ಮ ಬ್ಯಾಗಿಗೇ ಹಾಕಿಕೊಂಡರು. ನಿಮ್ಮಪ್ಪ ಎಲ್ಲಿದ್ದಾರೆ ಎಂದು ಕೇಳಿದರು. ಶಿವಮೊಗ್ಗ ಎನ್ನಲು ಬಾಯಿ ತೆರೆದವಳು ಸಿದ್ಧಾರ್ಥನಗರ ಎಂದೆ. ಬಾಯಿಬಿಟ್ಟು ಇನ್ನೊಬ್ಬರಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಶನಿವಾರ ಸಂಜೆ ಮಿಸ್ ನಮ್ಮ ಮನೆಗೆ ಬಂದರು. ಅಮ್ಮನೆದುರು ಖೋಟಾ ಸಹಿಯ ಮಾತು ಬಂದರೆ ಏನು ಗತಿ ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದೆ. ಅವರು ಜಗಲಿಯಲ್ಲೇ ಕೂತು, ಅರ್ಜಿಗೆ ತಂದೆಯ ಸಹಿ ಆಗಬೇಕು, ನಾಳೆ ನಿಮ್ಮ ಮಗಳನ್ನು ಕರೆದುಕೊಂಡು ಹೋಗಿ ಬರುತ್ತೇನೆ ಎಂದಷ್ಟೇ ಹೇಳಿದರು. ಆ ಮನೆಯ ಹೊಸಿಲನ್ನು ನನ್ನ ಮಗಳು ತುಳಿಯಕೂಡದು ಎಂದು ಅಮ್ಮ. ಹೊಸಿಲು ತುಳಿಯುವುದು ಅವಳ ಹಕ್ಕಿಗಾಗಿ, ನೆಂಟಸ್ತನಕ್ಕಲ್ಲ ಎಂದು ಇವರು. ವಾದ ಕಾಲು ಗಂಟೆ ನಡೆಯಿತು. ಕೊನೆಗೆ ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನೀವು ಜೊತೇಲೇ ಇರ್ತೀರಲ್ಲ ಮಿಸ್?" ಎಂದರು.

ಭಾನುವಾರ ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಹೋದೆವು. ನನಗೆ ಮನಸ್ಸಿನಲ್ಲಿ ಒಂದು ಮುಳ್ಳು. ಇವರು ಇಷ್ಟೆಲ್ಲ ಒದ್ದಾಡುತ್ತಿರುವುದು ಹತ್ತರ ಲೆಕ್ಕ ತುಂಬಲಿ ಎಂದು, ನನ್ನ ಮೇಲಿನ ಮಮತೆಯಿಂದಲ್ಲ ಎಂದುಕೊಂಡೆ. ಹಾಗೆಂದುಕೊಂಡರೆ ಒಂದು ರೀತಿ ಹಗುರವೂ ಆಗುತ್ತಿತ್ತು.

ಅಪ್ಪನ ಮನೆಯ ಮುಂದೆ ಹಗ್ಗದ ಮೇಲೆ ಪುಟ್ಟ ಲಂಗವೊಂದು ಒಣಗುತ್ತಿತ್ತು. ನನಗೊಬ್ಬಳು ತಂಗಿ ಇದ್ದಾಳೆಂದು ತಿಳಿದದ್ದು ಆಗಲೇ. ಬಾಗಿಲು ತೆರೆದ ಅಪ್ಪ ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದಕ್ಕೆ ಹೋದರು. ಒಳಗೆ ದೇವರ ಕೋಣೆ ಎದುರಿಗೇ ಕಾಣುತ್ತಿತ್ತು. ಮಿಸ್ ಒಮ್ಮೆ ಒಳಕ್ಕೆ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತು, ಒಂದೊಂದೇ ಬಕ್ಕಲು ತೆಗೆದು, ಬೂಟು ಬಿಚ್ಚಿಟ್ಟರು. ಬಿಚ್ಚಿದ ಮೇಲೆ ಆ ಕಾಲು ನೆಲಕ್ಕೆ ಮುಟ್ಟಲು ಇಡೀ ಮೈ ಬಲಕ್ಕೆ ಬಾಗಬೇಕಾಗಿತ್ತು. ಗೋಡೆ ಹಿಡಿದು, ಓಲಾಡುತ್ತ, ಆರು ಹೆಜ್ಜೆ ನಡೆದು ಹೋಗಿ ಸೋಫಾದಲ್ಲಿ ಕೂತರು. ಕೈ ಕೊಡಲು ಹೋದವಳನ್ನು ಕಣ್ಣಲ್ಲೇ ತಡೆದರು.

ವಿಷಯ ಕೇಳಿದ ಅಪ್ಪ, ಅವಳ ಅಮ್ಮ ಬಂದು ಕೇಳಲಿ ಎಂದರು.

"ಅವರು ಬರಲ್ಲ. ಬರ್ಬೇಕಾಗೂ ಇಲ್ಲ," ಎಂದರು ಮಿಸ್. "ಸಹಿ ಬೇಕಾಗಿರೋದು ನಿಮ್ಮ ಮಗಳಿಗೆ. ಕೇಳೋದಕ್ಕೆ ಅವಳೇ ಬಂದಿದಾಳೆ."

ಹೀಗೆ ಹೇಳಿ ನನ್ನ ಕಡೆ ತಿರುಗಿದರು. ನಾನೇ ಕೇಳಬೇಕಾಗುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಐದು ವರ್ಷ ಬಾಯಿಗೆ ಬರದಿದ್ದ 'ಅಪ್ಪ' ಎಂಬ ಮಾತನ್ನು ಹೇಗೋ ಹೊರಗೆ ತಂದು, ನಾನು ಜಪಾನಿಗೆ ಹೋಗಬೇಕು, ಸಹಿ ಹಾಕಿಕೊಡಿ ಎಂದೆ.

ಅಪ್ಪ ಅರ್ಜಿಯನ್ನು ಓದಿದರು, ಮತ್ತೆ ಮೊದಲಿಂದ ಓದಿದರು. ಅಷ್ಟರಲ್ಲಿ ಆ ಮನೆಯಾಕೆ ಕಾಫಿ ತಂದಿಟ್ಟರು. ಮಿಸ್ ಲೋಟವನ್ನು ಮುಟ್ಟಲಿಲ್ಲ. "ಸಹಿ ಆಗ್ಲಿ ಕಣಮ್ಮ, ಕುಡೀತೀನಿ," ಎಂದರು. ಕಾಫಿ ಆರಿ ಕೆನೆ ಕಟ್ಟಿತು. ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದಳು.

"ಅಲ್ಲೇನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದರು ಅಪ್ಪ, ತಲೆ ಎತ್ತದೆ.

"ಆಗಲ್ಲ ಅಂತ ನಾನು ಹೇಳಲ್ಲ. ಆದ್ರೆ, ಅವರಮ್ಮನಿಗೆ ಫೋನು ಬಂದ ಗಳಿಗೇಲೇ ನಿಮಗೂ ಬರುತ್ತೆ. ನೀವೂ ಅವಳ ತಂದೇನೇ ಅಲ್ವೇ?"

ಆ ಕೊನೆಯ ಮಾತಿಗೆ ಅಪ್ಪನ ಮುಖ ಒಂದು ಥರ ಆಯಿತು. ಒಳಗಿಂದ ಪೆನ್ನು ತಂದುಕೊಟ್ಟದ್ದು ಆ ಮನೆಯಾಕೆಯೇ. ಅಪ್ಪ ಸಹಿ ಹಾಕಿದರು. ಇಂಗ್ಲಿಷಿನಲ್ಲಿ. ಅವರು ಇಂಗ್ಲಿಷಿನಲ್ಲಿ ಸಹಿ ಹಾಕುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ. ಮಿಸ್ ಅರ್ಜಿಯನ್ನು ಬ್ಯಾಗಿನಲ್ಲಿಟ್ಟು, ತಣ್ಣಗಾದ ಕಾಫಿಯನ್ನು ಕೆನೆಸಮೇತ ಕುಡಿದು, ಚೆನ್ನಾಗಿದೆ ಎಂದು ಆಕೆಗೆ ಹೇಳಿ ಎದ್ದರು.

ಬಸ್‌ಸ್ಟಾಪಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಅವರು ಸಮಾಧಾನ ಹೇಳುವವರಲ್ಲ. ಅತ್ತು ಮುಗಿಯುವವರೆಗೆ ಕಾದು, ಆ ಜಪಾನಿನ ಮನೆಗೆ ಬರೆದ ಕಾಗದವನ್ನೂ ನಾಳೆ ಬೇರೆ ಬರೆದುಕೊಂಡು ಬಾ ಎಂದರು. ಅವರಿಗೆ ಎಲ್ಲವೂ ಗೊತ್ತಾಗಿತ್ತು. ಜಪಾನಿನ ಮನೆಯವರಿಗೆ ಇದೆಲ್ಲ ತಿಳಿದರೆ ನನ್ನನ್ನು ಮನೆಗೆ ಸೇರಿಸುತ್ತಾರೆಯೇ ಎಂದು ಕೇಳಿದೆ.

"ಸೇರಿಸ್ದಿದ್ರೆ ಅಂಥ ಮನೇಲಿ ಹನ್ನೆರಡು ದಿನ ಯಾಕಿರ್ಬೇಕು ನೀನು?"

ಬೇರೆ ಕಾಗದ ಬರೆದೆ: ಮನೆಯಲ್ಲಿ ನಾನು, ಅಮ್ಮ, ಅಜ್ಜಿ; ತಂದೆ ಬೇರೆ ಮನೆಯಲ್ಲಿದ್ದಾರೆ. ಮಿಸ್ ಅದನ್ನು ಇಂಗ್ಲಿಷ್ ಮಾಡಿ, ಶಾಲೆಯ ಹತ್ತಿರದ ಟೆಲಿಫೋನ್ ಬೂತಿನಿಂದ ಫ್ಯಾಕ್ಸ್ ಮಾಡಿದರು. ಉಳಿದ ಒಂಬತ್ತು ಮನೆಗಳಿಂದ ಉತ್ತರ ಬಂತು. ನನ್ನದು ಬರಲಿಲ್ಲ. ಒಂದು ವಾರವಾಯಿತು, ಹತ್ತು ದಿನವಾಯಿತು. ದಿನವೂ ಬೂತಿಗೆ ಹೋಗಿ ಬರುವ ಆ ಭಾರದ ಹೆಜ್ಜೆ ವರಾಂಡದಲ್ಲಿ ಕೇಳಿಸಿದರೆ ಅವರ ಕೈಯಲ್ಲಿ ಹಾಳೆ ಇದೆಯೇ ಎಂದು ಬಾಗಿಲ ಕಡೆ ನೋಡುತ್ತಿದ್ದೆ. ಹದಿಮೂರನೆಯ ದಿನ ಅವರು ಪಾಠದ ನಡುವೆಯೇ ಒಂದು ಹಾಳೆಯನ್ನು ನನ್ನ ಡೆಸ್ಕಿನ ಮೇಲಿಟ್ಟು ಮುಂದೆ ಹೋದರು. ಆ ಮನೆಯ ತಾಯಿ ಬರೆದಿದ್ದರು. ಊರಿಗೆ ಹೋಗಿದ್ದೆ, ತಡವಾಯಿತು, ಕ್ಷಮಿಸಿ. ಹುಡುಗಿ ಮೊಟ್ಟೆ ತಿನ್ನುತ್ತಾಳೆಯೇ? ನಾಯಿ ಕಂಡರೆ ಹೆದರುತ್ತಾಳೆಯೇ? ಅಷ್ಟೇ. ನಾನು ಹಗಲಿರುಳು ಮುಚ್ಚಿಟ್ಟುಕೊಂಡು ಸವೆದ ವಿಷಯದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಹೊರಡಲು ನಾಲ್ಕು ದಿನ ಇರುವಾಗ ನನ್ನ ಪಾಸ್‌ಪೋರ್ಟ್ ವೀಸಾ ಸಮೇತ ಕೈಸೇರಿತು. ಹತ್ತೂ ಜನ ಹೋದೆವು, ಹತ್ತೂ ಜನ ಮರಳಿದೆವು. ಅಲ್ಲಿ ಪ್ರತಿ ಮನೆಯ ಬಾಗಿಲಲ್ಲೂ ಮಿಸ್ ಬೂಟು ಬಿಚ್ಚಬೇಕಾಗಿತ್ತು. ಪ್ರತಿ ಸಲವೂ ಬಿಚ್ಚಿದರು.

ಆ ಹನ್ನೆರಡು ದಿನ ಕೇಳಿದ ಭಾಷೆ ನನ್ನನ್ನು ಬಿಡಲಿಲ್ಲ. ಕಾಲೇಜಿನ ಜೊತೆಗೆ ಜಪಾನಿ ಕಲಿತೆ. ಈಗ ಮೈಸೂರಿನ ಒಂದು ಕಾರ್ಖಾನೆಯಲ್ಲಿ ಅದೇ ಭಾಷೆಯ ದುಭಾಷಿ. ಅಪ್ಪನ ಮನೆಗೂ ವರ್ಷಕ್ಕೆ ಎರಡು ಮೂರು ಸಲ ಹೋಗಿ ಬರುತ್ತೇನೆ. ತಂಗಿ ನನ್ನನ್ನು ಅಕ್ಕ ಎನ್ನುತ್ತಾಳೆ. ಇದಕ್ಕೆಲ್ಲ ಮಿಸ್‌ಗೆ ಋಣಿ ಎಂದು ಯಾವಾಗಲೂ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದಾಗಲೆಲ್ಲ, ಅವರಿಗೆ ಬೇಕಾಗಿದ್ದದ್ದು ಹತ್ತನೆಯವಳು, ಆ ಹತ್ತನೆಯವಳು ನಾನಾಗಿದ್ದೆ ಅಷ್ಟೇ ಎಂಬ ಹಳೆಯ ಮುಳ್ಳೂ ಜೊತೆಗೇ ಇರುತ್ತಿತ್ತು.

ನಿವೃತ್ತಿಯಾದ ಎರಡನೆಯ ವರ್ಷ ಮಿಸ್ ತೀರಿಕೊಂಡರು. ಹೃದಯ ನಿಂತಿತಂತೆ, ಸ್ಕೂಟರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲೇ. ಶಾಲೆಯಲ್ಲಿ ಸಂತಾಪ ಸಭೆ ಇಟ್ಟರು. ಆ ಜಪಾನಿನ ಮೇಷ್ಟ್ರಿಂದ ಕಾಗದ ಬಂದಿತ್ತು, ಅವರ ಭಾಷೆಯಲ್ಲಿ, ಕೈಬರಹದಲ್ಲಿ. ನಿವೃತ್ತರಾಗಿದ್ದ ಹೆಡ್ ಮಿಸ್ ಅದನ್ನು ನನ್ನ ಕೈಗೆ ಕೊಟ್ಟು ಕನ್ನಡದಲ್ಲಿ ಹೇಳು ಎಂದರು. ಮುಂಚೆ ಓದಿಕೊಳ್ಳಲು ಹೊತ್ತಿರಲಿಲ್ಲ. ಒಂದೊಂದೇ ಸಾಲು ಓದುತ್ತ ಹೇಳುತ್ತ ಹೋದೆ. ಅಮ್ಮ ಮೂರನೆಯ ಸಾಲಿನಲ್ಲಿ ಕೂತಿದ್ದರು.

ಅರ್ಧಕ್ಕೆ ಬಂದಾಗ ಹೀಗಿತ್ತು: "ಒಬ್ಬ ಹುಡುಗಿಯ ಕಾಗದಪತ್ರ ಆಗದಿರಬಹುದು ಎಂದು ಅವರು ಒಂದು ಗುರುವಾರ ನನಗೆ ಫ್ಯಾಕ್ಸ್ ಮಾಡಿದ್ದರು. ಹತ್ತು ಎಂಬುದು ನಮ್ಮ ಅನುಕೂಲಕ್ಕೆ ಹೇಳಿದ್ದು, ಒಂಬತ್ತು ಮಕ್ಕಳಾದರೂ ಬನ್ನಿ ಎಂದು ನಾನು ಅಂದೇ ಉತ್ತರಿಸಿದೆ. ಮರುದಿನ ಅವರು ಬರೆದರು: ಆ ಹುಡುಗಿಯನ್ನು ಬಿಟ್ಟು ಬರುವುದಾದರೆ ನಾವು ಯಾರೂ ಬರುವುದಿಲ್ಲ. ಭಾನುವಾರ ಅವಳ ತಂದೆಯನ್ನು ನೋಡಿ ಬಂದು ತಿಳಿಸುತ್ತೇನೆ."

ಇದರಲ್ಲಿ ಮೊದಲ ಎರಡು ಸಾಲು ಕನ್ನಡದಲ್ಲಿ ಹೇಳಿದ್ದೆ. ಮೂರನೆಯದಕ್ಕೆ ನನ್ನ ದನಿ ನಿಂತಿತು. ಹೆಡ್ ಮಿಸ್ ನನ್ನ ಕಡೆ ಬಾಗಿ, "ಅರ್ಥ ಆಗ್ಲಿಲ್ವೇನಮ್ಮ?" ಎಂದು ಮೆಲ್ಲಗೆ ಕೇಳಿದರು. ಒಂಬತ್ತಾದರೂ ಸಾಕೆಂಬ ಉತ್ತರ ಬಂದದ್ದು ಅವರಿಗೂ ಗೊತ್ತಿರಲಿಲ್ಲವೆಂದು ಆ ಮುಖ ನೋಡಿದಾಗ ತಿಳಿಯಿತು.

ಅರ್ಥ ಆಯಿತು ಮಿಸ್, ಎಂದೆ. ಉಳಿದ ಸಾಲುಗಳನ್ನು ಒಂದೂ ಬಿಡದೆ ಹೇಳಿದೆ. ಆ ಹುಡುಗಿ ಯಾರೆಂದು ಕಾಗದದಲ್ಲಿ ಇರಲಿಲ್ಲ. ಸಭೆಯಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ನಾನು ನನ್ನ ಹೆಸರು ಹೇಳಿದೆ.