ಮೆಡಿಕಲ್ ಅಕ್ಕನ ಮನೆಯ ಹಲ್ಲುಗಳು

ಬೆಳಕು ಹರಿಯುವ ಮುಂಚೆ ಅವಳು ಮಾಡಿ ಮುಗಿಸಬೇಕಾದದ್ದು ಇಷ್ಟು: ನಲ್ಲಿಯಲ್ಲಿ ನೀರು ನಿಲ್ಲುವುದರೊಳಗೆ ಡ್ರಮ್ಮು, ಬಕೆಟ್ಟು, ಕೊಡ ಎಲ್ಲ ತುಂಬಿಸುವುದು, ಹಾಲು ಕಾಯಿಸುವುದು, ರಾತ್ರಿ ನೆನೆಹಾಕಿದ ಬಟ್ಟೆ ಒಗೆದು ಹರವುವುದು, ಮಕ್ಕಳಿಬ್ಬರ ಯೂನಿಫಾರ್ಮಿಗೂ ಗಂಡನ ಅಂಗಿಗೂ ಇಸ್ತ್ರಿ, ಅತ್ತೆ ಒಲೆ ಹಚ್ಚುವ ಹೊತ್ತಿಗೆ ತರಕಾರಿ ಹೆಚ್ಚಿ ಕೊಡುವುದು, ಕೊನೆಗೆ ಮಾವನ ಹಲ್ಲು ತಿಕ್ಕುವುದು.

ಮಾವನ ಹಲ್ಲು ಅಂದರೆ ಕಟ್ಟಿಸಿಕೊಂಡ ಹಲ್ಲು, ಮೇಲಿನದೊಂದು ಸೆಟ್ಟು, ಕೆಳಗಿನದೊಂದು. ರಾತ್ರಿ ಅವರು ಅದನ್ನು ತೆಗೆದು ನೀರಿನ ಬಟ್ಟಲಿಗೆ ಹಾಕಿ, ಬಟ್ಟಲನ್ನು ಅಡುಗೆಮನೆಯ ಬಾಗಿಲಲ್ಲಿಟ್ಟು ಮಲಗುತ್ತಿದ್ದರು. ಬೆಳಿಗ್ಗೆ ಅದು ಮೆತ್ತನೆಯ ಬ್ರಷ್ಷಿನಲ್ಲಿ ಸೋಪು ಹಾಕಿ ತೊಳೆಸಿಕೊಂಡು, ತಣ್ಣೀರಿನಲ್ಲಿ ಮಿಂದು, ಅವರ ಹಾಸಿಗೆಯ ಪಕ್ಕಕ್ಕೆ ಹೋಗಬೇಕು. ತಡವಾದರೆ ಒಳಗಿನಿಂದ ತೊದಲು ಕೂಗು ಬರುತ್ತಿತ್ತು. ಮೊದಮೊದಲು ಸೊಸೆಗೆ ಹೇಸಿಗೆಯಾಗುತ್ತಿತ್ತು. ಆಮೇಲೆ ಅದೂ ತೊಳೆಯಬೇಕಾದ ಇನ್ನೊಂದು ಪಾತ್ರೆಯಾಯಿತು.

ಇಷ್ಟು ಮುಗಿಸಿ ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಅವಳ ಮೈಯಲ್ಲಿ ಅರ್ಧ ದಿನದ ದಣಿವು ಸೇರಿರುತ್ತಿತ್ತು. ಬೀದಿಯವರು ಅವಳನ್ನು ಮೆಡಿಕಲ್ ಅಕ್ಕ ಅನ್ನುತ್ತಿದ್ದರು. ಗೋಡೆಯ ಮೇಲಿನ ಲೈಸೆನ್ಸಿನಲ್ಲಿದ್ದದ್ದು ಅವಳ ಫೋಟೋ. ಅವಳು ಅಂಗಡಿಯಲ್ಲಿಲ್ಲದೆ ಔಷಧಿ ಮಾರುವಂತಿಲ್ಲ. ಗಂಡ ಹೋಲ್‌ಸೇಲ್‌ನವರ ಹತ್ತಿರ ಓಡಾಡುತ್ತಿದ್ದ, ಗಲ್ಲಾ ನೋಡುತ್ತಿದ್ದ, ಯಾರಾದರೂ ಕೇಳಿದರೆ "ನನ್ನ ಅಂಗಡಿ" ಅನ್ನುತ್ತಿದ್ದ. ಅವಳು ತಿದ್ದಲು ಹೋಗುತ್ತಿರಲಿಲ್ಲ. ತಿದ್ದುವುದಕ್ಕೂ ಒಂದಿಷ್ಟು ತ್ರಾಣ ಬೇಕು.

ಬೀದಿಯ ತುದಿಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ ಇದ್ದದ್ದರಿಂದ ಸೆಟ್ಟು ಕಟ್ಟಿಸಿಕೊಂಡವರೆಲ್ಲ ಅವಳಲ್ಲಿಗೇ ಬರುತ್ತಿದ್ದರು. ಡಾಕ್ಟರ ಮುಂದೆ ಹೇಳಲು ಸಂಕೋಚಪಟ್ಟದ್ದನ್ನು ಅವಳ ಗಾಜಿನ ಕೌಂಟರಿನ ಮೇಲೆ ಬಾಗಿ ಪಿಸುಗುಟ್ಟುತ್ತಿದ್ದರು. ಸ್ವಚ್ಛವಾಗಲಿ ಎಂದು ಸೆಟ್ಟನ್ನು ಕುದಿಯುವ ನೀರಿಗೆ ಹಾಕಿ ಸೊಟ್ಟ ಮಾಡಿಕೊಂಡ ಟೀಚರು. ಬಾಯಿ ಒಣಗಿ ನಾಲಿಗೆ ಅಂಟುತ್ತದೆ ಅಂದ ಮುದುಕ. ಆತನ ಮಾತ್ರೆಗಳನ್ನೆಲ್ಲ ತರಿಸಿ ನೋಡಿ, ಒಣಗಿಸುತ್ತಿರುವುದು ಇವುಗಳಲ್ಲೇ ಒಂದಿರಬಹುದು, ನಿಮ್ಮ ಡಾಕ್ಟರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ ಎಂದು ಹೇಳಿ ಕಳಿಸಿದ್ದಳು. ಹುಣ್ಣು ಅಂತ ಬಂದವರಿಗೆ ಅವಳ ಪ್ರಶ್ನೆಗಳು ಸಿದ್ಧವಿರುತ್ತಿದ್ದವು. ಯಾರಿಗೆ? ಎಷ್ಟು ದಿನದಿಂದ? ರಾತ್ರಿ ಸೆಟ್ಟು ತೆಗೀತೀರಾ?

ಆ ದಿನ ಬೆಳಿಗ್ಗೆ ರಿಟೈರಾದ ಬಸ್ ಡ್ರೈವರ್ ಬಂದ. ಸೆಟ್ಟು ಅಂಟಿಸುವ ಪೇಸ್ಟು ತಿಂಗಳು ತುಂಬುವುದರೊಳಗೆ ಮೂರನೆಯ ಸಲ ಕೇಳಿದ್ದ. ಯಾಕಿಷ್ಟು ಅಂದರೆ, ಕೆಳಗಿನದು ಒತ್ತುತ್ತಿತ್ತು, ಮರಳು ಕಾಗದದಲ್ಲಿ ಒಂಚೂರು ಉಜ್ಜಿದೆ, ಈಗ ಅಲ್ಲಾಡುತ್ತಿದೆ ಅಂದ.

"ಹೆಂಡತಿ ಕೂಡ ನನ್ನ ಇಷ್ಟು ಕಚ್ಚಿರಲಿಲ್ಲ ಅಕ್ಕಾ."

"ಅವರ ಮೇಲೆ ನೀವು ಮರಳು ಕಾಗದ ಹಾಕಿರಲಿಲ್ಲವಲ್ಲ," ಅಂದಳು ಅವಳು.

ವಯಸ್ಸಾದ ಹಾಗೆ ವಸಡು ಕುಗ್ಗುತ್ತದೆ, ಸೆಟ್ಟು ಮಾತ್ರ ಇದ್ದ ಹಾಗೇ ಇರುತ್ತದೆ, ಅದನ್ನು ಸರಿಮಾಡಬೇಕಾದವರು ಡಾಕ್ಟರು, ಪೇಸ್ಟು ಅಲ್ಲ ಎಂದು ಬಿಡಿಸಿ ಹೇಳಿದಳು. ರಾತ್ರಿಯೂ ಹಾಕಿಕೊಂಡೇ ಮಲಗುತ್ತೇನೆ ಎಂದು ಆತ ಒಪ್ಪಿಕೊಂಡಾಗ, "ಬಸ್ಸನ್ನೇ ಡಿಪೋದಲ್ಲಿ ನಿಲ್ಲಿಸ್ತಾ ಇದ್ದಿರಿ. ವಸಡಿಗೂ ಒಂದು ಪಾಳಿ ರಜ ಬೇಡ್ವಾ ಡ್ರೈವರಣ್ಣಾ?" ಅಂದಳು. ಆತ ನಕ್ಕು, ಪೇಸ್ಟು ಬಿಟ್ಟು ಕ್ಲಿನಿಕ್ಕಿನ ಕಡೆ ನಡೆದ.

ಆತ ಹೋದ ಮೇಲೆ ಅವಳಿಗೆ ಒಂದು ಯೋಚನೆ ಬಂದು, ಬಂದದ್ದು ಹೋಗಲಿಲ್ಲ. ಅತ್ತೆಗೂ ಎರಡು ಸೆಟ್ಟು ಹಲ್ಲಿದೆ. ಮದುವೆಯಾಗಿ ಬಂದ ದಿನದಿಂದ ಒಂದು ಸಲವೂ ಅದನ್ನು ಅತ್ತೆಯ ಬಾಯಿಯಿಂದಾಚೆ ಅವಳು ನೋಡಿಲ್ಲ.

ಮಳೆಗಾಲ ಮುಗಿದಾಗಿನಿಂದ ಅತ್ತೆ ಅಂಗಡಿಯಿಂದ ಬಾಯಿ ಮರಗಟ್ಟಿಸುವ ಮುಲಾಮು ತರಿಸಿಕೊಳ್ಳುತ್ತಿದ್ದರು. ಎದುರು ಮನೆಯವಳಿಗೆ, ಅಂದಿದ್ದರು. ಸೊಸೆ ಕೊತ್ತಂಬರಿ ಕಟ್ಟಿನ ಜೊತೆ ಟ್ಯೂಬನ್ನೂ ಚೀಲಕ್ಕೆ ಹಾಕಿಕೊಂಡು ತಂದು ಕೊಡುತ್ತಿದ್ದಳು, ಒಂದಾದ ಮೇಲೊಂದು. ಊರಿಗೆಲ್ಲ ಕೇಳುವ ಮೂರು ಪ್ರಶ್ನೆಗಳನ್ನು ಮನೆಯಲ್ಲಿ ಕೇಳಿರಲಿಲ್ಲ. ಮನೆಯಲ್ಲಿ ಕೌಂಟರ್ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಹೋದಾಗ ಮಾವ ಮಲಗಿದ್ದರು. ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು ಸಾರಿನಲ್ಲಿ ಕಲಸಿದ ಮೆತ್ತನೆಯ ಅನ್ನವನ್ನು ಒಂದೇ ದವಡೆಯಲ್ಲಿ ನುರಿಸುತ್ತಿದ್ದರು. ಸೊಸೆ ಎದುರು ಕೂತಳು.

"ಬಾಯಿ ತೋರಿಸಿ ಅತ್ತೆ."

ಅತ್ತೆ ಮೊದಲು ಹುಸಿಕೋಪ ಮಾಡಿದರು, ಆಮೇಲೆ ನಿಜ ಕೋಪ. ಅದೂ ಸಾಲದೆ, ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದು ಮಾತು ಹೊರಳಿಸಿದರು. ಕೊನೆಗೆ ಬಚ್ಚಲಿಗೆ ಹೋಗಿ, ಸೊಸೆಯನ್ನು ಒಳಗೆ ಕರೆದು ಚಿಲಕ ಹಾಕಿಕೊಂಡರು. ಗೋಡೆಗೆ ತಿರುಗಿ ಸೆಟ್ಟು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ಈ ಕಡೆ ತಿರುಗಿದಾಗ ಅವರ ಮುಖ ಅರ್ಧ ಕುಸಿದಿತ್ತು. ಸೊಸೆ ಮೊಬೈಲಿನ ಟಾರ್ಚು ಹಿಡಿದಳು.

ಅಂಗುಳವೆಲ್ಲ ಕೆಂಪಗಾಗಿ, ಸೆಟ್ಟಿನ ಅಚ್ಚು ಹೊಡೆದ ಹಾಗಿತ್ತು. ಅದು ಹಗಲೂ ರಾತ್ರಿ ತೆಗೆಯದವರ ಬಾಯಿ. ಅದಕ್ಕೆ ಮದ್ದಿದೆ, ವಾಸಿಯಾಗುತ್ತದೆ. ಆದರೆ ಕೆಳಗಿನ ವಸಡಿನ ಎಡ ಅಂಚಿನಲ್ಲಿ ಒಂದು ಹುಣ್ಣು ಇತ್ತು. ಅದರ ಸುತ್ತ ಬಿಳಿಯ ದಡ ಕಟ್ಟಿತ್ತು. ಕೈ ತೊಳೆದುಕೊಂಡು ಬೆರಳಲ್ಲಿ ಮುಟ್ಟಿದಳು. ಗಟ್ಟಿಯಾಗಿತ್ತು.

"ಎಷ್ಟು ದಿನದಿಂದ ಅತ್ತೆ?"

"ಯಾರು ಎಣಿಸ್ತಾರೆ?"

ಮೂರು ವಾರ ದಾಟಿಯೂ ಮಾಯದ ಹುಣ್ಣಿಗೆ ಮುಲಾಮು ಕೊಡಬಾರದು, ಡಾಕ್ಟರ ಹತ್ತಿರ ಕಳಿಸಬೇಕು. ಅವಳ ಕಸುಬಿನ ಮೊದಲ ಪಾಠಗಳಲ್ಲಿ ಅದೊಂದು. ಇದು ಸೆಟ್ಟು ಒತ್ತಿ ಆದದ್ದೂ ಇರಬಹುದು. ಅದಲ್ಲದೆ ಇನ್ನೇನಾದರೂ ಇದ್ದರೆ, ತಾನು ತಂದುಕೊಟ್ಟ ಒಂದೊಂದು ಟ್ಯೂಬೂ ಅದನ್ನು ಮರೆಮಾಡಿಟ್ಟಿತ್ತು.

"ರಾತ್ರಿಯಾದರೂ ತೆಗೀಬಾರದಾ ಅತ್ತೆ?"

ಅತ್ತೆ ದನಿ ತಗ್ಗಿಸಿದರು. ಹಲ್ಲಿಲ್ಲದ ಬಾಯಲ್ಲಿ ಮಾತು ಗಾಳಿಯಾಗಿ ಬರುತ್ತಿತ್ತು. "ಅವರು ನೋಡಿಲ್ಲ ಕಣೆ. ಕಟ್ಟಿಸಿಕೊಂಡ ಮೇಲೆ ಒಂದು ದಿನವೂ ನನ್ನ ಬೊಚ್ಚು ಬಾಯಿ ಅವರು ನೋಡಿಲ್ಲ."

"ಮಾವನ ಬೊಚ್ಚು ಬಾಯಿ ಓಣಿಯೆಲ್ಲ ನೋಡಿದೆ."

"ಗಂಡಸಿಗೇನು. ಬೊಚ್ಚು ಬಾಯಾದರೂ ಯಜಮಾನನೇ."

ಇಬ್ಬರೂ ನಕ್ಕರು. ನಗುವಾಗ ಅತ್ತೆಯ ಕೈ ತಾನಾಗಿ ಬಾಯಿಗೆ ಹೋಯಿತು.

ನಾಳೆಯೇ ಡಾಕ್ಟರಿಗೆ ತೋರಿಸೋಣ ಅಂದಾಗ ಅತ್ತೆ ಅಡ್ಡಡ್ಡ ತಲೆಯಾಡಿಸಿದರು. ತೋರಿಸಿದರೆ, ಹುಣ್ಣು ಮಾಯುವ ತನಕ ಸೆಟ್ಟು ಹಾಕಬೇಡಿ ಅನ್ನುತ್ತಾರೆ. ಗಂಡನ ಎದುರು ಹಾಗೆ ಹೇಗೆ ಓಡಾಡುವುದು? ಅದು ಒಂದು. ಇನ್ನೊಂದನ್ನು ಹಲ್ಲು ಹಾಕಿಕೊಂಡ ಮೇಲೆ ಹೇಳಿದರು.

"ನಾನು ಆಸ್ಪತ್ರೆ ಅಂತ ಕೂತರೆ ನೀನು ಅಂಗಡಿಗೆ ಹೋಗೋದು ಹೇಗೆ? ಯಾರಿಗೂ ಹೇಳಬೇಡ. ಮುಲಾಮು ಮುಗಿದಿದೆ, ಸಂಜೆ ಒಂದು ತಂದುಬಿಡು, ಸಾಕು."

ಅಂಗಡಿಗೆ ವಾಪಸು ನಡೆಯುವಾಗ ಆ ಮಾತು ಅವಳ ಕಾಲಿಗೆ ತೊಡರಿಕೊಂಡಿತು. ಅದು ನಿಜವಾಗಿತ್ತು. ಅತ್ತೆ ಒಲೆಯ ಮುಂದೆ ನಿಂತಿದ್ದರಿಂದ ಅವಳು ಕೌಂಟರಿನ ಹಿಂದೆ ನಿಂತಿದ್ದಳು. ಆ ಬಾಯಿ ಮರಗಟ್ಟಿದ್ದರಿಂದ ಮನೆಯಲ್ಲಿ ಐದು ಜನ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರು. ಟ್ಯೂಬು ಯಾರಿಗೆ ಎಂದು ತಾನು ಕೇಳದೇ ಇದ್ದದ್ದು ಬರಿಯ ಮರೆವೇ ಎಂದು ತನ್ನನ್ನು ತಾನೇ ಕೇಳಿಕೊಂಡಳು. ಉತ್ತರ ಹುಡುಕುವಷ್ಟು ದೂರ ದಾರಿ ಇರಲಿಲ್ಲ.

ಗಂಡ ಗಲ್ಲಾದಲ್ಲಿ ಕೂತಿದ್ದ. ನಾಳೆ ಬೆಳಿಗ್ಗೆ ಅಂಗಡಿ ತೆರೆಯುವುದು ಬೇಡ, ಸ್ವಲ್ಪ ಕೆಲಸವಿದೆ ಅಂದಳು. ಏನು ಕೆಲಸ ಅಂತ ಕೇಳಿದ. ಮನೆ ಕೆಲಸ ಅಂದಳು.

"ಮನೇಲಿ ನಿನಗೇನು ಕೆಲಸ? ಅಮ್ಮ ಇದ್ದಾಳಲ್ಲ."

ಅವನು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ದೀಪದ ಕೆಳಗೆ ಕೂತವರು ಕರೆಂಟಿನ ಬಗ್ಗೆ ಯೋಚಿಸದ ಹಾಗೆ ಹೇಳಿದ್ದ. ಸ್ಟಾಕು ತರಬೇಕು, ತಡವಾಗುತ್ತದೆ, ಎಂದು ಸ್ಕೂಟರ್ ಹತ್ತಿ ಹೊರಟ.

ಕತ್ತಲಾಗುವ ಹೊತ್ತಿಗೆ ಮನೆಯಿಂದ ಫೋನ್ ಬಂತು. ಅತ್ತೆಯ ದನಿ. ಹಿಂದೆ ಟಿವಿ, ಮಕ್ಕಳ ಜಗಳ, ನೀರು ಕೇಳುತ್ತಿರುವ ಮಾವ.

"ಅದು ಮರೀಬೇಡ ಕಣೆ. ಈಗಲೇ ತಡೆಯೋಕಾಗ್ತಿಲ್ಲ."

ಮುಲಾಮಿನ ಟ್ಯೂಬುಗಳು ಅವಳ ಕೈಗೆಟಕುವ ಡ್ರಾಯರಿನಲ್ಲಿದ್ದವು. ಖಾಲಿಯಾಗಿದೆ ಎಂದು ಸುಳ್ಳು ಹೇಳಬಹುದಿತ್ತು. ಇವತ್ತೊಂದು ಕೊಟ್ಟು ನಾಳೆ ಮತ್ತೆ ಪುಸಲಾಯಿಸಬಹುದಿತ್ತು. ನಾಳೆಯೂ ಒಲೆ ಇರುತ್ತದೆ, ಕೌಂಟರ್ ಇರುತ್ತದೆ, ನಾಳೆಯ ಮರುದಿನವೂ. ಗಂಡನಿಗೆ ಹೇಳಿದರೆ ಅತ್ತೆಯ ಮಾತು ಮುರಿದ ಹಾಗೆ. ಹೇಳದಿದ್ದರೆ ಎಲ್ಲ ತನ್ನ ತಲೆಯ ಮೇಲೆ.

"ತರಲ್ಲ ಅತ್ತೆ. ನೋವಿಗೆ ಮಾತ್ರೆ ತರ್ತೀನಿ, ಉಪ್ಪುನೀರಲ್ಲಿ ಮುಕ್ಕಳಿಸಿ. ಮುಲಾಮು ಇನ್ನು ತರಲ್ಲ."

ಅತ್ತೆ ಫೋನಿಟ್ಟರು.

ಅವಳು ಹಲ್ಲಿನ ಕ್ಲಿನಿಕ್ಕಿಗೆ ಫೋನ್ ಮಾಡಿ ಬೆಳಗಿನ ಮೊದಲ ಪಾಳಿ ಕೇಳಿದಳು. ಯಾರ ಹೆಸರಿಗೆ ಎಂದು ಅಲ್ಲಿಯ ಹುಡುಗಿ ಕೇಳಿದಾಗ ಅತ್ತೆಯ ಹೆಸರು ಹೇಳಿದಳು. ಹೇಳಿ, ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು ಅನ್ನಿಸಿತು. ಅತ್ತೆ ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಬಂದರೂ ನಾಳೆ ಒಲೆ ಹಚ್ಚುವವರು ಯಾರೆಂದು ಗೊತ್ತಿರಲಿಲ್ಲ. ಹಚ್ಚದಿದ್ದರೆ ಹಚ್ಚದೇ ಇರಲಿ.

ಮಾತ್ರೆಯ ಡಬ್ಬಿಯೊಂದನ್ನು ಬಿಚ್ಚಿ, ರಟ್ಟಿನ ಒಳಮೈ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: ನಾಳೆ ಬೆಳಿಗ್ಗೆ ಅಂಗಡಿ ಇರುವುದಿಲ್ಲ. ಕಾರಣ ಬರೆಯಲಿಲ್ಲ. ಶಟರ್ ಎಳೆದು, ಅದರ ಮೇಲೆ ರಟ್ಟನ್ನು ಅಂಟಿಸಿ, ನಾಲ್ಕೂ ಮೂಲೆಗಳನ್ನು ಬೆರಳಿನಿಂದ ಒತ್ತಿದಳು.